ನೇಮಕಾತಿಯಲ್ಲಿಯೂ ಗುತ್ತಿಗೆಯಲ್ಲಿಯೂ ಸಮಾನ ಅವಕಾಶ: ಗ್ರಾಮ ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ

1. ಪೀಠಿಕೆ

ಗ್ರಾಮ ಪಂಚಾಯತಿಯು ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆ ಮಾತ್ರವಲ್ಲ. ಅದು ಗ್ರಾಮದ ಒಬ್ಬ ಉದ್ಯೋಗದಾತನೂ ಹೌದು. ಕರ ವಸೂಲಿಗಾರ, ಗುಮಾಸ್ತ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ ಮೊದಲಾದ ಹುದ್ದೆಗಳು ಪಂಚಾಯತಿಯಲ್ಲಿವೆ. ಇದಲ್ಲದೆ ಪ್ರತಿ ವರ್ಷ ಕಾಮಗಾರಿ, ಸರಬರಾಜು ಮತ್ತು ಸೇವೆಗಳಿಗಾಗಿ ಪಂಚಾಯತಿಯು ಗುತ್ತಿಗೆ ನೀಡುತ್ತದೆ. ಒಂದು ನೇಮಕಾತಿಯಿಂದ ಒಂದು ಕುಟುಂಬದ ಜೀವನೋಪಾಯ ನಿರ್ಧಾರವಾಗುತ್ತದೆ; ಒಂದು ಗುತ್ತಿಗೆಯಿಂದ ಹತ್ತಾರು ಕೂಲಿಕಾರರ ಮಜೂರಿ ನಿರ್ಧಾರವಾಗುತ್ತದೆ. ಆದ್ದರಿಂದ ಈ ಎರಡು ಅಧಿಕಾರಗಳನ್ನು ಯಾವ ನಿಯಮಗಳಿಗೆ ಒಳಪಟ್ಟು ಚಲಾಯಿಸತಕ್ಕದ್ದು ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಅವಶ್ಯಕ.

ಸಂವಿಧಾನದ 12ನೇ ಅನುಚ್ಛೇದದ ಪ್ರಕಾರ ‘ರಾಜ್ಯ’ ಎಂಬ ಪದದಲ್ಲಿ ಸ್ಥಳೀಯ ಪ್ರಾಧಿಕಾರಗಳೂ ಸೇರುತ್ತವೆ. ಮೂಲಭೂತ ಹಕ್ಕುಗಳನ್ನು ಗೌರವಿಸುವ ಹೊಣೆ ವಿಧಾನಸೌಧಕ್ಕೆ ಎಷ್ಟಿದೆಯೋ ಗ್ರಾಮ ಪಂಚಾಯತಿ ಕಚೇರಿಗೂ ಅಷ್ಟೇ ಇದೆ. ಖಾಸಗಿ ವ್ಯಕ್ತಿಯೊಬ್ಬರು ತಮ್ಮ ತೋಟದ ಕೆಲಸಕ್ಕೆ ತಮಗೆ ಬೇಕಾದವರನ್ನು ಕರೆದುಕೊಳ್ಳಬಹುದು. ಪಂಚಾಯತಿಗೆ ಆ ಸ್ವಾತಂತ್ರ್ಯವಿಲ್ಲ. ಅದು ವ್ಯಯಿಸುವ ಹಣ ಸಾರ್ವಜನಿಕರದು, ಅದು ನೀಡುವ ಅವಕಾಶವೂ ಸಾರ್ವಜನಿಕರದು.

2. ಸಂವಿಧಾನದ ಆಧಾರ

ಈ ವಿಷಯಕ್ಕೆ ಸಂಬಂಧಿಸಿದ ಅನುಚ್ಛೇದಗಳನ್ನು ಸಂಕ್ಷಿಪ್ತವಾಗಿ ಹೀಗೆ ಹೇಳಬಹುದು.

ಅ) 14ನೇ ಅನುಚ್ಛೇದ: ಕಾನೂನಿನ ಮುಂದೆ ಎಲ್ಲರೂ ಸಮಾನರು. ಕಾರಣವಿಲ್ಲದ, ಮನಸೋಇಚ್ಛೆಯ ತೀರ್ಮಾನವು ಸಮಾನತೆಗೆ ವಿರುದ್ಧ.

ಆ) 16ನೇ ಅನುಚ್ಛೇದ: ಸಾರ್ವಜನಿಕ ಉದ್ಯೋಗದಲ್ಲಿ ಎಲ್ಲ ನಾಗರಿಕರಿಗೂ ಸಮಾನ ಅವಕಾಶವಿರತಕ್ಕದ್ದು. ಧರ್ಮ, ಮೂಲವಂಶ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ನಿವಾಸ ಇವುಗಳ ಕಾರಣಮಾತ್ರದಿಂದ ಯಾರನ್ನೂ ಅನರ್ಹರೆಂದು ಎಣಿಸುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ.

ಇ) 17ನೇ ಅನುಚ್ಛೇದ: ಅಸ್ಪೃಶ್ಯತೆಯನ್ನು ರದ್ದುಗೊಳಿಸಲಾಗಿದೆ, ಅದರ ಯಾವುದೇ ರೂಪದ ಆಚರಣೆ ಅಪರಾಧ.

ಈ) 23ನೇ ಅನುಚ್ಛೇದ: ಬಿಟ್ಟಿ ದುಡಿಮೆ ಮತ್ತು ಬಲವಂತದ ದುಡಿಮೆ ನಿಷಿದ್ಧ.

ಉ) 39ನೇ ಅನುಚ್ಛೇದದ ಘ ಖಂಡ: ಪುರುಷರಿಗೂ ಮಹಿಳೆಯರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ.

ಮೀಸಲಾತಿಯು ಈ ಸಮಾನತೆಗೆ ಅಪವಾದವೆಂದು ಕೆಲವರು ಭಾವಿಸುವುದುಂಟು. 16ನೇ ಅನುಚ್ಛೇದದ 4ನೇ ಖಂಡವು ಸೇವೆಗಳಲ್ಲಿ ಸಾಕಷ್ಟು ಪ್ರಾತಿನಿಧ್ಯ ದೊರೆಯದ ಹಿಂದುಳಿದ ವರ್ಗಗಳಿಗೆ ಹುದ್ದೆಗಳನ್ನು ಮೀಸಲಿಡಲು ಅವಕಾಶ ನೀಡಿದೆ. ಅದು ಸಮಾನ ಅವಕಾಶವನ್ನು ನಿಜವಾಗಿ ತಲುಪಿಸುವ ಮಾರ್ಗ. ಕನ್ನಡ ನಾಡಿಗೆ ಈ ಚಿಂತನೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆಯನ್ನೇ ಪರಿಶೀಲಿಸಿತು. ಇಂದು ಗ್ರಾಮ ಪಂಚಾಯತಿ ಸದಸ್ಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ದೊರೆತಿರುವುದೂ ಇದೇ ತತ್ವದ ಫಲ.

3. ವಂಶಪಾರಂಪರ್ಯದ ಹಕ್ಕು ಇಲ್ಲ

ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವ ಒಂದು ಮಾತಿದೆ: ತಂದೆ ನೀರುಗಂಟಿಯಾಗಿದ್ದರು, ಆದ್ದರಿಂದ ಆ ಕೆಲಸ ಮಗನಿಗೇ ಸಲ್ಲಬೇಕು. ಹಿಂದೆ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮುಂತಾದ ಗ್ರಾಮ ಹುದ್ದೆಗಳು ವಂಶಪಾರಂಪರ್ಯವಾಗಿ ಬರುತ್ತಿದ್ದುದರಿಂದ ಈ ಭಾವನೆ ಉಳಿದುಕೊಂಡಿದೆ. ಆದರೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಆ ಹಕ್ಕುಗಳನ್ನು ಕೊನೆಗೊಳಿಸಿತು.

ಅದಕ್ಕೂ ಮುನ್ನ, 1960ರಲ್ಲಿ, ಆಂಧ್ರ ಪ್ರದೇಶದ ಗ್ರಾಮವೊಂದರ ಮುನ್ಸೀಫ್ ಹುದ್ದೆಯ ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿತ್ತು. ಹುದ್ದೆಗೆ ಹಿಂದಿನ ಅಧಿಕಾರಿಯ ವಂಶದವರನ್ನೇ ಆರಿಸಬೇಕೆಂದು 1895ರ ಮದರಾಸು ಕಾಯ್ದೆ ಹೇಳುತ್ತಿತ್ತು. ಅಂತಹ ನಿಯಮವು ‘ವಂಶ’ದ ಕಾರಣಮಾತ್ರದಿಂದ ಮಾಡುವ ತಾರತಮ್ಯವಾದುದರಿಂದ ಅದು ಸಂವಿಧಾನಕ್ಕೆ ವಿರುದ್ಧವೆಂದು ಗಾಜುಲ ದಶರಥ ರಾಮರಾವ್ ಪ್ರಕರಣದಲ್ಲಿ ನ್ಯಾಯಾಲಯವು ತೀರ್ಪು ನೀಡಿತು. ಗ್ರಾಮ ಮಟ್ಟದ ಸಣ್ಣ ಹುದ್ದೆಗೂ ಸಮಾನ ಅವಕಾಶದ ನಿಯಮ ಪೂರ್ಣವಾಗಿ ಅನ್ವಯಿಸುತ್ತದೆ ಎಂಬುದು ಈ ತೀರ್ಪಿನ ಸಾರ.

ಸೇವೆಯಲ್ಲಿರುವಾಗ ಮೃತಪಟ್ಟ ನೌಕರರ ಕುಟುಂಬಕ್ಕೆ ಅನುಕಂಪದ ನೆಲೆಯಲ್ಲಿ ಉದ್ಯೋಗ ನೀಡುವುದು ಬೇರೆ ವಿಷಯ. ಅದಕ್ಕೆ ಪ್ರತ್ಯೇಕ ನಿಯಮ ಮತ್ತು ಆದೇಶಗಳಿರಬೇಕು. ಆ ನಿಯಮಗಳ ಮಿತಿಯೊಳಗೆ ಮಾತ್ರ ಅದು ಸಾಧ್ಯ. ಸಭೆಯ ಕನಿಕರವು ನಿಯಮದ ಸ್ಥಾನವನ್ನು ತುಂಬಲಾರದು.

ನಿವಾಸದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ‘ನಮ್ಮ ಊರಿನವರಿಗೆ ಮಾತ್ರ’ ಎಂಬ ಷರತ್ತನ್ನು ಪಂಚಾಯತಿಯು ತಾನಾಗಿಯೇ ಸೃಷ್ಟಿಸುವಂತಿಲ್ಲ. ಸಂವಿಧಾನ ಅಥವಾ ಅದರ ಅಡಿಯಲ್ಲಿನ ಕಾನೂನು ಅನುಮತಿಸಿದಲ್ಲಿ ಮಾತ್ರ ನಿವಾಸವು ಅರ್ಹತೆಯಾಗುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ 371 ಜೆ ಅನುಚ್ಛೇದದ ಮೂಲಕ ದೊರೆತಿರುವ ಸ್ಥಳೀಯ ಮೀಸಲಾತಿ ಇದಕ್ಕೆ ಉದಾಹರಣೆ. ಅದಕ್ಕಾಗಿ 2012ರಲ್ಲಿ ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿಯನ್ನು ಅಂಗೀಕರಿಸಬೇಕಾಯಿತು.

4. ಹಿಂಬಾಗಿಲ ನೇಮಕಾತಿ ಮತ್ತು ಅದರ ಪರಿಣಾಮ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಗ್ರಾಮ ಪಂಚಾಯತಿಯು ತನ್ನ ನೌಕರರನ್ನು ನೇಮಿಸಿಕೊಳ್ಳಲು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಪೂರ್ವಾನುಮೋದನೆ ಪಡೆಯತಕ್ಕದ್ದು. ಪ್ರಕಟಣೆ ಹೊರಡಿಸದೆ, ಅರ್ಜಿ ಕರೆಯದೆ, ‘ಸದ್ಯಕ್ಕೆ ಕೆಲಸ ಮಾಡಲಿ, ಮುಂದೆ ನೋಡೋಣ’ ಎಂದು ಒಬ್ಬರನ್ನು ಸೇರಿಸಿಕೊಳ್ಳುವ ರೂಢಿಯು ಮೂವರಿಗೆ ಅನ್ಯಾಯ ಮಾಡುತ್ತದೆ: ಅರ್ಜಿ ಹಾಕಲು ಅವಕಾಶವೇ ದೊರೆಯದ ಅರ್ಹರಿಗೆ, ಮೀಸಲಾತಿಯಿಂದ ವಂಚಿತರಾದವರಿಗೆ, ಮತ್ತು ಕೊನೆಗೆ ಸೇರಿಸಿಕೊಳ್ಳಲ್ಪಟ್ಟ ಆ ವ್ಯಕ್ತಿಗೇ.

ಮೂರನೆಯ ಅನ್ಯಾಯವನ್ನು ಅರಿಯಲು ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ ಪ್ರಕರಣವನ್ನು ಗಮನಿಸಬೇಕು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಯ ಮೇಲೆ ಹಲವು ವರ್ಷ ದುಡಿದವರ ಸೇವೆಯನ್ನು ಖಾಯಂಗೊಳಿಸುವ ಪ್ರಶ್ನೆಯು ಇತರ ಪ್ರಕರಣಗಳೊಡನೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದಿತು. 2006ರ ಏಪ್ರಿಲ್ 10ರಂದು ನೀಡಿದ ತೀರ್ಪಿನಲ್ಲಿ, ಸಾರ್ವಜನಿಕ ಪ್ರಕಟಣೆ ಮತ್ತು ಸ್ಪರ್ಧೆಯಿಲ್ಲದೆ ಆದ ತಾತ್ಕಾಲಿಕ ನೇಮಕಾತಿಯಿಂದ ಖಾಯಂ ಆಗುವ ಹಕ್ಕು ಹುಟ್ಟುವುದಿಲ್ಲವೆಂದು ಪೀಠವು ಹೇಳಿತು. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ಕಾಲ ದುಡಿದ ಅರ್ಹರ ವಿಷಯವನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸಲು ಮಾತ್ರ ಅವಕಾಶ ನೀಡಿತು.

ಈ ತೀರ್ಪನ್ನು ನೆಪವಾಗಿಟ್ಟುಕೊಂಡು ದುಡಿಯುವವರನ್ನು ಶೋಷಿಸುವಂತೆಯೂ ಇಲ್ಲ. ದೀರ್ಘಕಾಲ ಖಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡ ಸಂಸ್ಥೆಗಳು ಉಮಾದೇವಿ ತೀರ್ಪನ್ನು ನೌಕರರ ವಿರುದ್ಧ ಆಯುಧವಾಗಿ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎಚ್ಚರಿಸಿತು. ಎರಡೂ ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ಪಂಚಾಯತಿಗೆ ದೊರೆಯುವ ಪಾಠ ಒಂದೇ: ಮೊದಲ ದಿನವೇ ನಿಯಮಬದ್ಧವಾಗಿ ನೇಮಿಸಿಕೊಳ್ಳಬೇಕು. ಇಲ್ಲವಾದರೆ ಇಪ್ಪತ್ತು ವರ್ಷ ಊರಿಗೆ ನೀರು ಬಿಟ್ಟ ನೌಕರನು ವೃದ್ಧಾಪ್ಯದಲ್ಲಿ ಅನುಮೋದನೆಯ ಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸ್ಥಿತಿ ಬರುತ್ತದೆ.

5. ಮಹಿಳೆಯರು, ಅಂಗವಿಕಲರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು

ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ವವನ್ನು 1976ರ ಸಮಾನ ವೇತನ ಅಧಿನಿಯಮವು ಕಾನೂನಾಗಿಸಿತು. 2019ರ ವೇತನ ಸಂಹಿತೆಯೂ ಅದನ್ನು ಮುಂದುವರಿಸಿದೆ. ಕೂಲಿಯಲ್ಲಿ ‘ಗಂಡಾಳು, ಹೆಣ್ಣಾಳು’ ಎಂದು ಎರಡು ದರ ನಿಗದಿಪಡಿಸುವುದು ಊರಿನ ರೂಢಿಯಾಗಿದ್ದರೂ ಪಂಚಾಯತಿಯ ಕಾಮಗಾರಿಯಲ್ಲಿ ಕಾನೂನುಬಾಹಿರ.

ದಿನಗೂಲಿಯವರೆಂಬ ಕಾರಣಕ್ಕೆ ಹೆರಿಗೆ ಸೌಲಭ್ಯ ನಿರಾಕರಿಸುವಂತಿಲ್ಲ. ದೆಹಲಿ ನಗರಪಾಲಿಕೆಯು ಮಸ್ಟರ್ ರೋಲ್ ಮೇಲೆ ದುಡಿಯುತ್ತಿದ್ದ ಮಹಿಳೆಯರಿಗೆ ಈ ಸೌಲಭ್ಯ ಕೊಡಲು ಒಪ್ಪದಿದ್ದಾಗ, 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಹಿಳೆಯರ ಪರವಾಗಿ ತೀರ್ಪಿತ್ತಿತು. ಅದು ಒಂದು ಸ್ಥಳೀಯ ಸಂಸ್ಥೆಯ ವಿರುದ್ಧದ ತೀರ್ಪೆಂಬುದನ್ನು ಸದಸ್ಯರು ನೆನಪಿಡಬೇಕು.

ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವೂ ತಾರತಮ್ಯದ ಒಂದು ರೂಪವೆಂದು 1997ರ ವಿಶಾಖಾ ತೀರ್ಪು ಸಾರಿತು. 2013ರ ಅಧಿನಿಯಮದ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ರಚಿಸತಕ್ಕದ್ದು. ಅದಕ್ಕಿಂತ ಕಡಿಮೆ ನೌಕರರಿದ್ದಲ್ಲಿ ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಸಲ್ಲಿಸಬಹುದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಸ್ಥಳೀಯ ಪ್ರಾಧಿಕಾರಗಳಿಗೂ ಅನ್ವಯಿಸುತ್ತದೆ. ಸೇವೆಯಲ್ಲಿರುವಾಗ ಅಂಗವಿಕಲತೆ ಉಂಟಾದ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಪಂಪ್‌ಸೆಟ್‌ನ ಅವಘಡದಲ್ಲಿ ಕೈಗೆ ಊನವಾದ ನೀರುಗಂಟಿಗೆ ಆತನಿಂದ ಸಾಧ್ಯವಾಗುವ ಮತ್ತೊಂದು ಕೆಲಸವನ್ನು ಅದೇ ವೇತನದಲ್ಲಿ ನೀಡುವುದು ದಯೆಯಲ್ಲ, ಕಾನೂನಿನ ಕರ್ತವ್ಯ.

ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು 2019ರ ಕೇಂದ್ರ ಅಧಿನಿಯಮವು ನಿಷೇಧಿಸಿದೆ. ಕರ್ನಾಟಕವು 2021ರಲ್ಲಿ ರಾಜ್ಯ ಸಿವಿಲ್ ಸೇವೆಗಳ ನೇರ ನೇಮಕಾತಿಯಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ನಿಯಮದ ಮೂಲಕ ಕಲ್ಪಿಸಿತು.

6. ಸ್ವಚ್ಛತಾ ಕೆಲಸ ಮತ್ತು ಜಾತಿ

ಹುದ್ದೆಯನ್ನು ನಿರಾಕರಿಸುವುದು ಮಾತ್ರ ತಾರತಮ್ಯವಲ್ಲ. ಜಾತಿಯ ಕಾರಣದಿಂದ ಒಂದು ಕೆಲಸವನ್ನು ಒಂದು ಸಮುದಾಯದ ಮೇಲೆ ಹೇರುವುದೂ ತಾರತಮ್ಯವೇ. ಚರಂಡಿ ಕಟ್ಟಿಕೊಂಡಾಗ, ಸತ್ತ ಜಾನುವಾರು ಬಿದ್ದಿದ್ದಾಗ, ಸ್ಮಶಾನದಲ್ಲಿ ಗುಂಡಿ ತೆಗೆಯಬೇಕಾದಾಗ ನೇರವಾಗಿ ಒಂದೇ ಕೇರಿಗೆ ಹೇಳಿ ಕಳುಹಿಸುವ ಅಭ್ಯಾಸ ಎಲ್ಲಿ ಉಳಿದಿದೆಯೋ ಅಲ್ಲಿ ಪಂಚಾಯತಿಯು ಅದನ್ನು ತಡೆಯತಕ್ಕದ್ದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಂದ ಸತ್ತ ಪ್ರಾಣಿಗಳನ್ನು ಬಲವಂತವಾಗಿ ಸಾಗಿಸುವುದು ಮತ್ತು ಗುಂಡಿ ತೋಡಿಸುವುದು ದೌರ್ಜನ್ಯ ತಡೆ ಅಧಿನಿಯಮ 1989ಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ ಶಿಕ್ಷಾರ್ಹ ಅಪರಾಧ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗಲೇ ಈ ರಾಜ್ಯದಲ್ಲಿ ನಿಷೇಧಿಸಲಾಯಿತು. 2013ರ ಡಿಸೆಂಬರ್ 6ರಿಂದ ಜಾರಿಯಲ್ಲಿರುವ ಕೇಂದ್ರ ಅಧಿನಿಯಮವು ಮಲ ಬಾಚುವ ಕೆಲಸಕ್ಕೂ, ರಕ್ಷಣಾ ಸಾಧನಗಳಿಲ್ಲದೆ ಮಲದ ಗುಂಡಿ ಮತ್ತು ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೂ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೇಮಿಸಬಾರದೆಂದು ಸ್ಥಳೀಯ ಪ್ರಾಧಿಕಾರಗಳ ಹೆಸರನ್ನೇ ಎತ್ತಿ ಹೇಳುತ್ತದೆ. ಅಪಾಯಕಾರಿ ಸ್ವಚ್ಛತೆಗೆ ನೇಮಿಸಿದ ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಸಾವು ಸಂಭವಿಸಿದರೆ ನೀಡಬೇಕಾದ ಪರಿಹಾರವನ್ನು 2023ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ‘ಗುತ್ತಿಗೆದಾರನೇ ಇಳಿಸಿದ್ದು, ಪಂಚಾಯತಿಗೆ ತಿಳಿಯದು’ ಎಂಬ ಸಮಜಾಯಿಷಿಯು ‘ಪರೋಕ್ಷವಾಗಿ’ ಎಂಬ ಪದದ ಮುಂದೆ ನಿಲ್ಲುವುದಿಲ್ಲ. ಶಾಲೆಯ ಅಥವಾ ಸಮುದಾಯ ಶೌಚಾಲಯದ ಗುಂಡಿ ತುಂಬಿದಾಗ ಯಂತ್ರವನ್ನೇ ತರಿಸತಕ್ಕದ್ದು.

7. ಗುತ್ತಿಗೆ ನೀಡುವಲ್ಲಿ ಸಮಾನತೆ

ಗುತ್ತಿಗೆ ನೀಡುವುದು ಪಂಚಾಯತಿಯ ಇಚ್ಛೆಗೆ ಬಿಟ್ಟ ಉಪಕಾರವಲ್ಲ. 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ವವನ್ನು ಸ್ಪಷ್ಟಪಡಿಸಿತು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರ ಗೃಹ ನಡೆಸಲು ಕನಿಷ್ಠ ಐದು ವರ್ಷ ಅನುಭವವಿರುವ ಎರಡನೇ ದರ್ಜೆಯ ನೋಂದಾಯಿತ ಹೋಟೆಲ್ ಉದ್ಯಮಿಗಳಿಂದ ಟೆಂಡರ್ ಕರೆಯಲಾಗಿತ್ತು. ಆ ಅರ್ಹತೆ ಇಲ್ಲದವರಿಗೆ ಗುತ್ತಿಗೆ ದೊರೆಯಿತು. ತಾನೇ ಪ್ರಕಟಿಸಿದ ಅರ್ಹತೆಗೆ ಸಾರ್ವಜನಿಕ ಪ್ರಾಧಿಕಾರವು ತಾನೇ ಬದ್ಧವಾಗಿರಬೇಕೆಂದು ನ್ಯಾಯಾಲಯವು ಹೇಳಿತು. ಷರತ್ತನ್ನು ಸಡಿಲಿಸಲಾಗುವುದೆಂದು ಮೊದಲೇ ತಿಳಿದಿದ್ದರೆ ಬೇರೆಯವರೂ ಅರ್ಜಿ ಹಾಕಬಹುದಿತ್ತಲ್ಲವೇ ಎಂಬುದೇ ಇದರ ಹಿಂದಿರುವ ನ್ಯಾಯ. ದೂರು ತಡವಾಗಿ ಬಂದುದರಿಂದ ಅಂದು ಗುತ್ತಿಗೆ ರದ್ದಾಗಲಿಲ್ಲ. ತತ್ವ ಮಾತ್ರ ಉಳಿಯಿತು.

ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಅಧಿನಿಯಮ 1999 ಈ ತತ್ವವನ್ನು ಕಾರ್ಯವಿಧಾನವಾಗಿ ರೂಪಿಸಿದೆ. ಟೆಂಡರ್ ತಪ್ಪಿಸುವ ಸಲುವಾಗಿ ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ ಮೂರು ಅಂದಾಜು ಪಟ್ಟಿ ತಯಾರಿಸುವುದು, ಒಬ್ಬರಿಗೆ ಮಾತ್ರ ಹೊಂದುವಂತಹ ಷರತ್ತುಗಳನ್ನು ಬರೆಯುವುದು, ಪ್ರಕಟಣೆಯನ್ನು ಯಾರೂ ನೋಡದ ಸ್ಥಳದಲ್ಲಿ ಅಂಟಿಸುವುದು ಇವೆಲ್ಲ ಆ ಅಧಿನಿಯಮದ ಆಶಯಕ್ಕೆ ವಿರುದ್ಧ.

ಇದೇ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಮೂಲಕ 2017ರಿಂದ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇಕಡಾ 17.15 ಹಾಗೂ ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಶೇಕಡಾ 6.95ರಷ್ಟು ಕಾಮಗಾರಿಗಳನ್ನು ಮೀಸಲಿಡಲಾಯಿತು. 2023ರಲ್ಲಿ ಈ ಮಿತಿಯನ್ನು 1 ಕೋಟಿ ರೂಪಾಯಿಗೆ ಏರಿಸಲಾಯಿತು. ಮಿತಿ ಮತ್ತು ಪ್ರವರ್ಗಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಪ್ರತಿ ಟೆಂಡರಿಗೆ ಮುನ್ನ ಜಾರಿಯಲ್ಲಿರುವ ಅಧಿಸೂಚನೆಯನ್ನು ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಂದ ಸಭೆಯಲ್ಲಿ ಓದಿಸಿಕೊಳ್ಳತಕ್ಕದ್ದು. ಮೀಸಲು ಗುತ್ತಿಗೆದಾರನ ಹೆಸರಿನಲ್ಲಿ ಬೇರೊಬ್ಬರು ಕಾಮಗಾರಿ ನಡೆಸುತ್ತಿದ್ದರೆ ಮೀಸಲಾತಿಯು ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಕಾಮಗಾರಿ ಸ್ಥಳದಲ್ಲಿ ನಿಜವಾಗಿ ಯಾರು ಇದ್ದಾರೆಂಬುದನ್ನು ವಾರ್ಡಿನ ಸದಸ್ಯರೇ ಬಲ್ಲರು.

ಪಂಚಾಯತಿಯ ಕಾಮಗಾರಿ ಅಥವಾ ಕರಾರಿನಲ್ಲಿ ಸದಸ್ಯರಿಗೆ ಪ್ರತ್ಯಕ್ಷ ಅಥವಾ ಪರೋಕ್ಷ ಪಾಲಿದ್ದರೆ ಅದು ಸದಸ್ಯತ್ವಕ್ಕೇ ಅನರ್ಹತೆಯಾಗುತ್ತದೆಂಬುದನ್ನು 1993ರ ಅಧಿನಿಯಮವು ಹೇಳಿದೆ.

8. ಗುತ್ತಿಗೆದಾರನ ಕೂಲಿಕಾರರಿಗೆ ಪಂಚಾಯತಿಯ ಹೊಣೆ

1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ನಡೆದ ನಿರ್ಮಾಣ ಕಾಮಗಾರಿಗಳಲ್ಲಿ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ ಇತ್ತು. ಗುತ್ತಿಗೆದಾರರು ಆ ಹಣವನ್ನು ಮೇಸ್ತ್ರಿಗಳ ಕೈಗೆ ಕೊಡುತ್ತಿದ್ದರು. ಮೇಸ್ತ್ರಿಗಳು ತಲೆಗೆ 1 ರೂಪಾಯಿ ಕಮಿಷನ್ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಮಾತ್ರ ಹಂಚುತ್ತಿದ್ದರು. ಪ್ರಕರಣವನ್ನು ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು ಎರಡು ಮುಖ್ಯ ಮಾತುಗಳನ್ನು ಹೇಳಿತು. ಒಂದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು 23ನೇ ಅನುಚ್ಛೇದ ನಿಷೇಧಿಸಿದ ಬಲವಂತದ ದುಡಿಮೆಯೇ. ಎರಡು, ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ ಮಾತ್ರಕ್ಕೆ ಸಾರ್ವಜನಿಕ ಪ್ರಾಧಿಕಾರದ ಹೊಣೆ ಮುಗಿಯುವುದಿಲ್ಲ. ಕಾರ್ಮಿಕ ಕಾನೂನು ಪಾಲನೆಯಾಗುವಂತೆ ಅದು ನೋಡಿಕೊಳ್ಳಬೇಕು.

ಗುತ್ತಿಗೆದಾರನು ಕೂಲಿ ಕೊಡದಿದ್ದಲ್ಲಿ ಮೂಲ ಮಾಲೀಕನೇ ಕೊಟ್ಟು ಆನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ನಿಯಮವನ್ನು 1970ರ ಗುತ್ತಿಗೆ ಕಾರ್ಮಿಕ ಅಧಿನಿಯಮವು ತಂದಿತು. ಕರಾರು ಪತ್ರದಲ್ಲಿ ಕನಿಷ್ಠ ವೇತನ, ಸ್ತ್ರೀ ಪುರುಷರಿಗೆ ಸಮಾನ ದರ, ಬ್ಯಾಂಕ್ ಖಾತೆಯ ಮೂಲಕವೇ ಪಾವತಿ, ಕುಡಿಯುವ ನೀರು, ರಕ್ಷಣಾ ಸಾಧನ ಇವುಗಳನ್ನು ಷರತ್ತುಗಳಾಗಿ ಸೇರಿಸಿ, ಪಾವತಿಯ ದಾಖಲೆ ನೋಡಿದ ಬಳಿಕ ಅಂತಿಮ ಬಿಲ್ಲು ಮಂಜೂರು ಮಾಡಿದರೆ ಈ ಹೊಣೆಯನ್ನು ಸುಲಭವಾಗಿ ನಿರ್ವಹಿಸಬಹುದು.

9. ಅಭ್ಯಾಸಕ್ಕಾಗಿ ಮೂರು ಸನ್ನಿವೇಶಗಳು

ಕೆಳಗಿನವು ಕಲ್ಪಿತ ಸನ್ನಿವೇಶಗಳು. ಸದಸ್ಯರು ಉತ್ತರವನ್ನು ಓದುವ ಮುನ್ನ ಪರಸ್ಪರ ಚರ್ಚಿಸುವುದು ಒಳಿತು.

ಸನ್ನಿವೇಶ 1: ನೀರುಗಂಟಿ ಹುದ್ದೆಗೆ ಮಹಿಳೆಯೊಬ್ಬರು ಅರ್ಜಿ ಸಲ್ಲಿಸುತ್ತಾರೆ. ರಾತ್ರಿ ವೇಳೆ ಮೋಟಾರು ಚಾಲೂ ಮಾಡಬೇಕಾಗುತ್ತದೆಂದು ಸಭೆಯಲ್ಲಿ ಆಕ್ಷೇಪ ಬರುತ್ತದೆ.
ಉತ್ತರ: ಕೆಲಸದ ಸ್ವರೂಪವನ್ನು ಎಲ್ಲ ಅರ್ಜಿದಾರರಿಗೂ ಒಂದೇ ರೀತಿ ತಿಳಿಸಿ, ಒಂದೇ ಅಳತೆಯಲ್ಲಿ ಪರಿಶೀಲಿಸಬೇಕು. ಹೆಣ್ಣೆಂಬ ಕಾರಣಮಾತ್ರದಿಂದ ಅರ್ಜಿ ತಿರಸ್ಕರಿಸುವಂತಿಲ್ಲ. ರಾಜ್ಯದ ಹಲವು ಪಂಚಾಯತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಸ್ವಚ್ಛವಾಹಿನಿಯ ಚಾಲಕರಾಗಿ ಕೆಲಸ ಮಾಡುತ್ತಿರುವುದನ್ನು ಇಲ್ಲಿ ಸ್ಮರಿಸಬಹುದು.

ಸನ್ನಿವೇಶ 2: ಹುದ್ದೆಗೆ ಅರ್ಹತೆ ಏಳನೇ ತರಗತಿ ಎಂದು ಪ್ರಕಟವಾಗಿದೆ. ಅರ್ಜಿಗಳು ಬಂದ ಮೇಲೆ, ಹತ್ತನೇ ತರಗತಿ ಪಾಸಾದವರನ್ನು ಮಾತ್ರ ಪರಿಗಣಿಸೋಣವೆಂದು ಠರಾವು ಮಂಡನೆಯಾಗುತ್ತದೆ.
ಉತ್ತರ: ಆಟ ಆರಂಭವಾದ ಮೇಲೆ ನಿಯಮ ಬದಲಿಸುವಂತಿಲ್ಲ. ಪ್ರಕಟಿಸಿದ ಅರ್ಹತೆಗೆ ಪಂಚಾಯತಿ ಬದ್ಧ.

ಸನ್ನಿವೇಶ 3: ಚರಂಡಿ ಕಾಮಗಾರಿಯ ಗುತ್ತಿಗೆದಾರನು ಗಂಡಸರಿಗಿಂತ ಹೆಂಗಸರಿಗೆ ದಿನಕ್ಕೆ 100 ರೂಪಾಯಿ ಕಡಿಮೆ ಕೊಡುತ್ತಿದ್ದಾನೆ. ‘ಅವರೇ ಒಪ್ಪಿ ಬಂದಿದ್ದಾರೆ’ ಎಂಬುದು ಆತನ ಉತ್ತರ.
ಉತ್ತರ: ಒಪ್ಪಿಗೆಯಿಂದ ಕಾನೂನುಬಾಹಿರ ದರ ಕಾನೂನುಬದ್ಧವಾಗುವುದಿಲ್ಲ. ಹಸಿವು ಎಂತಹ ಒಪ್ಪಿಗೆಯನ್ನಾದರೂ ಬರೆಸುತ್ತದೆ. ವ್ಯತ್ಯಾಸದ ಹಣ ಪಾವತಿಯಾಗುವವರೆಗೆ ಬಿಲ್ಲು ತಡೆಹಿಡಿದು, ಕಾರ್ಮಿಕ ಇಲಾಖೆಗೆ ವಿಷಯ ತಿಳಿಸತಕ್ಕದ್ದು.

10. ಸಭೆಯಲ್ಲಿ ಅನುಸರಿಸಬೇಕಾದ ಕ್ರಮ

ಅ) ಖಾಲಿ ಹುದ್ದೆ ಮತ್ತು ಟೆಂಡರ್ ಪ್ರಕಟಣೆಗಳನ್ನು ಪಂಚಾಯತಿಯ ಸೂಚನಾ ಫಲಕದ ಜೊತೆಗೆ ಪ್ರತಿ ಗ್ರಾಮದ ಅಂಗನವಾಡಿ, ಶಾಲೆ, ಗ್ರಂಥಾಲಯ ಹಾಗೂ ಎಲ್ಲ ಕಾಲೋನಿಗಳಲ್ಲಿಯೂ ಪ್ರದರ್ಶಿಸುವುದು, ಅಗತ್ಯವಿದ್ದಲ್ಲಿ ಡಂಗುರ ಹಾಕಿಸುವುದು.

ಆ) ಅರ್ಜಿ ಸ್ವೀಕರಿಸಿದ್ದಕ್ಕೆ ದಿನಾಂಕವುಳ್ಳ ಸ್ವೀಕೃತಿ ನೀಡುವುದು.

ಇ) ಅಂಕಗಳ ಮಾನದಂಡವನ್ನು ಅರ್ಜಿ ತೆರೆಯುವ ಮುನ್ನವೇ ನಡವಳಿ ಪುಸ್ತಕದಲ್ಲಿ ದಾಖಲಿಸುವುದು.

ಈ) ಅರ್ಜಿದಾರರು ಅಥವಾ ಟೆಂಡರುದಾರರು ತಮ್ಮ ಸಂಬಂಧಿಕರಾಗಿದ್ದರೆ ಆ ಸದಸ್ಯರು ಅದನ್ನು ತಿಳಿಸಿ ಚರ್ಚೆಯಿಂದ ಹೊರಗುಳಿಯುವುದು.

ಉ) ಆಯ್ಕೆಗೂ ತಿರಸ್ಕಾರಕ್ಕೂ ಕಾರಣ ಬರೆಯುವುದು. ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಈ ದಾಖಲೆಗಳನ್ನು ಯಾರಾದರೂ ಕೇಳಬಹುದು. ಕೇಳುವ ಮುನ್ನವೇ ಪ್ರಕಟಿಸುವುದು ಉತ್ತಮ.

ಊ) ಜಿಲ್ಲಾ ಪಂಚಾಯತಿಯ ಪೂರ್ವಾನುಮೋದನೆ ದೊರೆಯುವವರೆಗೆ ಯಾರನ್ನೂ ಕೆಲಸಕ್ಕೆ ಹಾಜರುಪಡಿಸಿಕೊಳ್ಳದಿರುವುದು.

ಸದಸ್ಯರ ಮೇಲೆ ಊರಿನ ಒತ್ತಡ ಇರುವುದು ಸಹಜ. ಮತ ಹಾಕಿದವರು, ನೆಂಟರು, ಒಂದೇ ಓಣಿಯವರು ಬಂದು ಕೇಳುತ್ತಾರೆ. ಬರೆದಿಟ್ಟ ನಿಯಮವಿದ್ದಲ್ಲಿ ಸದಸ್ಯರು ಯಾರ ವಿರೋಧವನ್ನೂ ಕಟ್ಟಿಕೊಳ್ಳದೆ ಅದನ್ನೇ ತೋರಿಸಬಹುದು. ನಿಯಮವು ಅರ್ಜಿದಾರರಿಗೆ ರಕ್ಷಣೆಯಾಗಿರುವಂತೆ ಸದಸ್ಯರಿಗೂ ರಕ್ಷಣೆಯಾಗಿದೆ.

11. ಮುಂದಿನ ಸಾಮಾನ್ಯ ಸಭೆಯ ಚರ್ಚೆಗೆ

1) ಪಂಚಾಯತಿಯಲ್ಲಿ ಈಗ ಕೆಲಸ ಮಾಡುತ್ತಿರುವವರಲ್ಲಿ ಅನುಮೋದನೆ ಇಲ್ಲದವರು ಎಷ್ಟು ಮಂದಿ? ಅವರ ದಾಖಲೆಗಳನ್ನು ಜಿಲ್ಲಾ ಪಂಚಾಯತಿಗೆ ಸಲ್ಲಿಸಲಾಗಿದೆಯೇ?

2) ಕಳೆದ ಆರ್ಥಿಕ ವರ್ಷದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ದೊರೆತ ಪಾಲು ಎಷ್ಟು?

3) ಸ್ವಚ್ಛತಾ ಕೆಲಸಗಾರರೆಲ್ಲರೂ ಒಂದೇ ಸಮುದಾಯದವರೇ? ಹಾಗಿದ್ದಲ್ಲಿ ಅದಕ್ಕೆ ಕಾರಣವೇನು? ಅವರಿಗೆ ಕೈಗವಸು, ಗಂಬೂಟು ದೊರೆತಿವೆಯೇ?

4) ಗುತ್ತಿಗೆದಾರರ ಬಿಲ್ಲು ಮಂಜೂರು ಮಾಡುವ ಮುನ್ನ ಕೂಲಿ ಪಾವತಿಯ ದಾಖಲೆಯನ್ನು ಯಾರು ಪರಿಶೀಲಿಸುತ್ತಾರೆ?

ಈ ನಾಲ್ಕು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಆರು ತಿಂಗಳ ಬಳಿಕ ಅದೇ ಪ್ರಶ್ನೆಗಳನ್ನು ಮತ್ತೆ ಸಭೆಯ ಮುಂದಿಡತಕ್ಕದ್ದು.